ಹಾಳೆಯಿಲ್ಲದ ಪುಸ್ತಕ

ಮನೆಯ ಅಲಂಕಾರಕ್ಕೆಂದು ಪುಸ್ತಕದ ರೂಪದ ಪೆಟ್ಟಿಗೆಗಳು ಈಗ ಮಾರಾಟಕ್ಕೆ ಸಿಗುತ್ತವೆ. ಬೆನ್ನಿಗೆ ಚಿನ್ನದ ಅಕ್ಷರ, ಹೊರಗೆ ತೊಗಲಿನ ಬಣ್ಣ. ಒಳಗೆ ಮಾತ್ರ ಬಯಲು. ಇದನ್ನು ಸುಳ್ಳೆನ್ನಬೇಕೆ, ನಿರಪರಾಧಿಯಾದ ಶೃಂಗಾರವೆನ್ನಬೇಕೆ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ನಾವು ಯಾವುದನ್ನು ಗೌರವಿಸುತ್ತೇವೆ, ಹೇಗೆ ಗೌರವಿಸುತ್ತೇವೆ ಎಂಬುದು ಇಂಥ ಸಣ್ಣ ವಸ್ತುಗಳಲ್ಲಿಯೇ ಹೊರಬೀಳುತ್ತದೆ.

ಶಿರಸಿಯಲ್ಲಿ ಹೊಸದಾಗಿ ಕಟ್ಟಿಸಿದ ಮನೆಯೊಂದರಲ್ಲಿ ಇಂಥ ಹನ್ನೆರಡು ‘ಸಂಪುಟ’ಗಳನ್ನು ನೋಡಿದೆ. ಯಜಮಾನರು ಮುಚ್ಚುಮರೆ ಮಾಡಲಿಲ್ಲ. “ಪ್ಲಾಸ್ಟಿಕ್ ಹೂವು ಇಡುವುದಿಲ್ಲವೇ? ಇದೂ ಹಾಗೆಯೇ. ಯಾರಿಗೆ ಎಂತ ನಷ್ಟ?” ಎಂದರು. ತಳ್ಳಿಹಾಕುವಂಥ ಮಾತಲ್ಲ. ಇಂಗ್ಲೆಂಡಿನ ಮಹಾಲೇಖಕ ಚಾರ್ಲ್ಸ್ ಡಿಕನ್ಸನೇ 1851ರಲ್ಲಿ ತನ್ನ ಲಂಡನ್ ಮನೆಯ ಓದುಕೋಣೆಗೆ ಹುಸಿ ಪುಸ್ತಕಗಳ ಸಾಲೊಂದನ್ನು ಮಾಡಿಸಿದ್ದ. ಬೆಕ್ಕಿಗೆ ಒಂಬತ್ತು ಜೀವವೆಂಬ ಅಲ್ಲಿಯ ಮಾತನ್ನು ಹಿಡಿದು, ‘ಬೆಕ್ಕಿನ ಜೀವಗಳು’ ಎಂಬ ಹೆಸರಿನಲ್ಲಿ ಒಂಬತ್ತು ಸಂಪುಟ! ಆದರೆ ಅದು ನಗೆಗಾಗಿ. ಅವನ ಮನೆಯಲ್ಲಿ ನಿಜವಾದ ಪುಸ್ತಕಗಳಿಗೆ ಬರವಿರಲಿಲ್ಲ.

ಹುಸಿ ಎಂಬ ಒಂದೇ ಕಾರಣಕ್ಕೆ ವಸ್ತುವೊಂದು ತಪ್ಪಾಗುವುದಿಲ್ಲ. ನಮ್ಮ ಯಕ್ಷಗಾನದ ಕಿರೀಟ ಹಗುರ ಮರದ್ದು, ಹೊಳಪು ಬೇಗಡೆಯದು. ಸಿದ್ದಾಪುರದ ಬಯಲಲ್ಲಿ ಆಟ ನೋಡಲು ಕುಳಿತ ಹುಡುಗನಿಗೂ ಅದು ಗೊತ್ತು. ಆದರೆ ಕಿರೀಟ ತೊಟ್ಟವನ ಮೇಲೆ ಋಣವೊಂದು ಬೀಳುತ್ತದೆ: ಆಟ ಮುಗಿಯುವವರೆಗೆ ಅವನು ಅರಸನಂತೆ ಕುಣಿಯಬೇಕು, ಅರಸನಂತೆ ಅರ್ಥ ಹೇಳಬೇಕು. ಹುಸಿ ಪುಸ್ತಕ ಇಟ್ಟವನಿಗೆ ಅಂಥ ಋಣವಿಲ್ಲ. ವಿದ್ಯೆಯ ಶೋಭೆ ಬೇಕು, ಶ್ರಮ ಬೇಡ ಎಂದಂತಾಯಿತು.

ಹಾಗಾದರೆ ಓದದೆ ಇಟ್ಟ ನಿಜವಾದ ಪುಸ್ತಕ ಇದಕ್ಕಿಂತ ಮೇಲೋ ಎಂದು ಯಾರಾದರೂ ಕೇಳಬಹುದು. ರೋಮಿನ ಸೆನೆಕಾ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ, ಊಟದ ಮನೆಯ ಅಂದಕ್ಕಾಗಿ ಗ್ರಂಥ ಕೂಡಿಹಾಕುವವರನ್ನು ಹಳಿದಿದ್ದ. ಆದರೂ ಮೇಲೆಂದೇ ನನ್ನ ಉತ್ತರ. ನವರಾತ್ರಿಯಲ್ಲಿ ಪುಸ್ತಕಗಳನ್ನೇ ಶಾರದೆಯೆಂದು ಪೀಠದ ಮೇಲಿಟ್ಟು ಪೂಜಿಸುತ್ತೇವೆ. ವಿಸರ್ಜನೆಯಾಗುವವರೆಗೆ ಅವನ್ನು ಓದುವಂತಿಲ್ಲ. ಅದು ಮುಚ್ಚಿದ ಪುಸ್ತಕವೇ ಹೊರತು ಹಾಳೆಯಿಲ್ಲದ ಪುಸ್ತಕವಲ್ಲ. ಮುಚ್ಚಿದ್ದಕ್ಕೆ ತೆರೆಯುವ ದಿನವೊಂದಿದೆ. ಅಜ್ಜ ಓದದೆ ಬಿಟ್ಟದ್ದನ್ನು ಮೊಮ್ಮಗಳು ಓದಿಯಾಳು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಾವು ಅಡಿಕೆಯ ಜನ. ಚಾಲಿಯ ಹೊರಮೈ ಒಂದನ್ನೇ ನೋಡಿ ಯಾರೂ ದರ ಕಟ್ಟುವುದಿಲ್ಲ. ಒಂದೆರಡನ್ನು ಕತ್ತರಿಸಿ ಒಳಗನ್ನು ನೋಡುತ್ತಾರೆ. ಪೇಟೆಯಲ್ಲಿ ಇಷ್ಟು ಚುರುಕಾಗಿರುವ ಈ ವಿವೇಕ ಮನೆಯ ಕಪಾಟಿನ ಮುಂದೆ ಮಾತ್ರ ಏಕೆ ಸುಮ್ಮನಾಗಬೇಕು?

ಇನ್ನು ನಷ್ಟದ ಮಾತು. ನೆಂಟರಿಗೆ ನಷ್ಟವಿಲ್ಲ, ಅವರು ಚಹಾ ಕುಡಿದು ಹೊರಡುತ್ತಾರೆ. ನಷ್ಟವೆಲ್ಲ ಮನೆಯ ಮಗುವಿಗೆ. ಅಕ್ಷರ ಕೂಡಿಸಿ ಓದಲು ಆಗಷ್ಟೇ ಕಲಿತ ಮಗು, ಮಳೆಗಾಲದ ಒಂದು ಮಧ್ಯಾಹ್ನ ಬೇಸರವಾಗಿ ಕಪಾಟಿಗೆ ಕೈಚಾಚುತ್ತದೆ. ಕೈಗೆ ಬಂದದ್ದು ಬರಿಯ ಪೆಟ್ಟಿಗೆ. ಪುಸ್ತಕವೆಂದರೆ ನೋಡಿ ಸುಮ್ಮನಾಗುವ ವಸ್ತುವೆಂದು ಅದಕ್ಕೆ ಬೇರೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಪೆಟ್ಟಿಗೆಗಳಿಗೆ ತೆತ್ತ ಹಣದಲ್ಲಿ ಒಂದೆರಡು ನಿಜವಾದ ಪುಸ್ತಕ ಬಂದೇ ಬರುತ್ತವೆ. ಅವನ್ನು ಮಗುವಿನ ಕೈಗೆ ಎಟಕುವಷ್ಟು ಕೆಳಗೆ ಇಟ್ಟರೆ ಸಾಕು. ಓದುವುದು, ಬಿಡುವುದು ಅದರ ಇಚ್ಛೆ.