ಸಮ್ಮತಿಯ ಎಲ್ಲೆ

ಚಿಮ್ಮನಚೋಡದಂತಹ ಗ್ರಾಮಗಳಿಂದ ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೆ ಹೋಗುವ ಬಾಲಕರಿಗೆ ರಥದಷ್ಟೇ ಮನೋಹರವಾದ ವಸ್ತುವೆಂದರೆ ತಿರುಗುವ ತೊಟ್ಟಿಲು. ಭಯಪಡುವದಕ್ಕಾಗಿಯೇ ಹಣ ಕೊಟ್ಟು ಅದನ್ನೇರುವರು. ಭಯವಿಲ್ಲದಿದ್ದರೆ ಆ ಆಟಕ್ಕೆ ರುಚಿಯೇ ಇಲ್ಲ. ಹೀಗಿರಲು, ಏರಿದವನು ಬಿದ್ದು ಗಾಯಗೊಂಡರೆ ದೋಷವು ಯಾರದು? “ತಾನಾಗಿ ಏರಿದನು, ತಾನೇ ಅನುಭವಿಸಲಿ” ಎಂದು ಕೆಲವರು. “ಹಣ ಪಡೆದವನೇ ಹೊಣೆ” ಎಂದು ಕೆಲವರು. ಎರಡರಲ್ಲಿಯೂ ಸತ್ಯಾಂಶವುಂಟು, ಯಾವದೂ ಪೂರ್ಣಸತ್ಯವಲ್ಲ.

ಈ ಪ್ರಶ್ನೆಯು ಹೊಸದಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿಯ ಅಪಘಾತಗಳ ವಿಚಾರವು ಬಂದಿದೆ. ಮೂಗುದಾರವು ಹರಿದರೆ, ಅಚ್ಚು ಇಲ್ಲವೆ ಗಾಲಿ ಮುರಿದರೆ, ದಾರಿ ಬಿಡಿರೆಂದು ಕೂಗಿಯೂ ಅನಾಹುತವಾದರೆ ದಂಡವಿಲ್ಲ. ಸಾರಥಿಯ ಅಕುಶಲತೆಯಿಂದ ಬಂಡಿಯು ದಾರಿ ತಪ್ಪಿ ಹಾನಿಯಾದರೆ ಒಡೆಯನಿಗೆ 200 ಪಣ ದಂಡ; ಸಾರಥಿಯು ಕುಶಲನಾಗಿದ್ದರೆ ದಂಡವು ಅವನಿಗೇ. ಇದಕ್ಕಿಂತ ವಿಚಿತ್ರವಾದದ್ದೆಂದರೆ, ಅಕುಶಲನ ಬಂಡಿಯಲ್ಲಿ ಕುಳಿತವರಿಗೂ ತಲೆಗೆ ನೂರು ಪಣ! ಏರುವವನಿಗೂ ವಿಚಾರಿಸಿ ಏರುವ ಕರ್ತವ್ಯವುಂಟೆಂಬ ಭಾವವು ಇಲ್ಲಿ ಸ್ಪಷ್ಟವಾಗಿದೆ.

ಸಮ್ಮತಿಸಿದವನಿಗೆ ಅನ್ಯಾಯವಾಗದೆಂಬ ಸೂತ್ರವು ಆಂಗ್ಲ ನ್ಯಾಯದಲ್ಲಿಯೂ ಇದೆ. ನ್ಯೂಯಾರ್ಕಿನ ಕೋನಿ ಐಲೆಂಡಿನ ವಿನೋದಸ್ಥಾನದಲ್ಲಿ ಚಲಿಸುವ ಪಟ್ಟಿಯ ಮೇಲೆ ನಿಂತ ತರುಣನೊಬ್ಬನು ಬಿದ್ದು ಮೊಣಕಾಲಿನ ಚಿಪ್ಪು ಮುರಿದುಕೊಂಡನು. 1929ರಲ್ಲಿ ನ್ಯಾಯಾಧೀಶ ಕಾರ್ಡೋಜೋ ಅವರು ಅವನ ವಾದವನ್ನು ಒಪ್ಪಲಿಲ್ಲ. ಬೀಳುವದೇ ಆ ಆಟದ ಸ್ವರೂಪ. ಇತರರು ಬೀಳುವದನ್ನು ಕಂಡೇ ಅವನು ನಿಂತನು. ಆದರೆ ಅಪಾಯವು ಗೂಢವಾಗಿದ್ದರೆ ನಿರ್ಣಯವು ಬೇರೆಯಾಗುತ್ತಿತ್ತೆಂದೂ ಅವರು ಸೂಚಿಸಿದರು. ವಿವಾದದ ಮರ್ಮವು ಇಲ್ಲಿಯೇ ಇದೆ.

1981ನೆಯ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ ತೊಂಬತ್ತಕ್ಕೂ ಹೆಚ್ಚು ಜನರು ಮೃತರಾದರು. ಅವರಲ್ಲಿ ಬಹುಪಾಲು ಮಕ್ಕಳು. ಆ ಮಕ್ಕಳು ಹುಲಿಯ ಗರ್ಜನೆಗೆ ಬೆದರಲು ಬಂದಿದ್ದರು. ಉರಿಯುವ ಡೇರೆಗೆ ಸಮ್ಮತಿಸಿರಲಿಲ್ಲ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ಆಟದ ಯಂತ್ರವು ಮುರಿದುಬಿದ್ದು ಇಬ್ಬರು ಸತ್ತರು. ತೂಗಾಟಕ್ಕೆ ಒಪ್ಪಿದವರು ಕಬ್ಬಿಣದ ಮುರಿತಕ್ಕೂ ಒಪ್ಪಿದರೆನ್ನುವದು ಯಾವ ನ್ಯಾಯ?

ಅರಿವು ಎಲ್ಲಿಯವರೆಗೋ ಸಮ್ಮತಿಯೂ ಅಲ್ಲಿಯವರೆಗೆ ಮಾತ್ರ. ಎತ್ತಿನ ಮೂಗುದಾರವನ್ನು ಪ್ರಯಾಣಿಕನು ಕಣ್ಣಾರೆ ನೋಡಬಲ್ಲನು. ತೊಟ್ಟಿಲಿನ ಸಡಿಲಾದ ಬೋಲ್ಟನ್ನು ನೋಡಲಾರನು. ಪರೀಕ್ಷಿಸುವ ಶಕ್ತಿಯು ಒಡೆಯನಲ್ಲಿರುವದರಿಂದ ಹೊಣೆಯೂ ಅವನದೇ. “ಸ್ವಂತ ಹೊಣೆಯ ಮೇಲೆ ಏರತಕ್ಕದ್ದು” ಎಂದು ಚೀಟಿಯ ಹಿಂದೆ ಅಚ್ಚುಹಾಕಿದ ಮಾತ್ರಕ್ಕೆ ತುಕ್ಕು ಹೋಗುವದಿಲ್ಲ. ಅಕ್ಷರವರಿಯದ ಶಿಶುವಿಗಂತೂ ಆ ಚೀಟಿಯು ಬರಿಯ ಕಾಗದ.

ಇಷ್ಟರಿಂದ ಏರುವವನು ಸ್ವೇಚ್ಛಾಚಾರಿಯಾಗಬಹುದೆಂದಲ್ಲ. ಬೇಡವೆಂದರೂ ಎದ್ದು ನಿಲ್ಲುವವನು, ಅಡ್ಡಕಂಬಿಯನ್ನು ಬಿಚ್ಚುವವನು ದೋಷದಲ್ಲಿ ಪಾಲುಗಾರನು. ಅವನ ಪಾಲಿನಷ್ಟು ಪರಿಹಾರವು ಕಡಿಮೆಯಾಗುವದು ಯುಕ್ತವೇ. ನೂಕುನುಗ್ಗಲಿನಲ್ಲಿ ಕೂಸನ್ನು ಹತ್ತಿಸುವ ತಂದೆಯೂ ಆಲೋಚಿಸಬೇಕು.

ನಮ್ಮ ಕಡೆ ಇಂತಹ ಸಂಕಟವೊದಗಿದಾಗ “ಹಣೆಬರಹ” ಎಂಬ ಒಂದೇ ಮಾತಿನಿಂದ ವಿಚಾರವು ಮುಗಿಯುವದುಂಟು. ಮಗುವನ್ನು ಕಳೆದುಕೊಂಡ ತಾಯಿಗೆ ಆ ಮಾತು ಸಾಂತ್ವನವಾದೀತು. ಅದನ್ನಾಡುವ ಅಧಿಕಾರವು ಅವಳಿಗುಂಟು. ಬೋಲ್ಟನ್ನು ಬಿಗಿಮಾಡದವನ ಬಾಯಲ್ಲಿ ಅದೇ ಮಾತು ಅಧರ್ಮ.