ತಹೂರ್ ಮತ್ತು ಟಿಡಿಎಸ್: ಮರಳುನಾಡಿನ ಮನೆಯಲ್ಲಿ ನೀರಿನ ಶುದ್ಧಿ

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಸೌದಿ ಅರೇಬಿಯದಲ್ಲಿ ನಲ್ಲಿಯ ನೀರು ಬಹುಮಟ್ಟಿಗೆ ಸಮುದ್ರದಿಂದಲೋ ಆಳದ ಬಾವಿಗಳಿಂದಲೋ ಬರಬೇಕು. ಜುಬೈಲ್‌ನ ಕಡಲತೀರದಲ್ಲಿ ಉಪ್ಪು ಕಳೆದುಕೊಂಡ ನೀರು ನಾನೂರಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯಲ್ಲಿ ಸಾಗಿ, ಸುಮಾರು 600 ಮೀಟರ್ ಎತ್ತರದ ರಿಯಾದ್ ನಗರವನ್ನು ಸೇರಿ, ಅಲ್ಲಿ ಕಟ್ಟಡದ ನೆಲದಡಿಯ ತೊಟ್ಟಿಗೂ ಚಾವಣಿಯ ಟ್ಯಾಂಕಿಗೂ ಏರಿದ ಮೇಲೆಯೇ ಅಡುಗೆಮನೆಗೆ ಇಳಿಯುತ್ತದೆ. ಇಷ್ಟು ದೂರ ಬಂದ ನೀರನ್ನು ನೇರವಾಗಿ ಕುಡಿಯಲು ಅನುಮಾನಿಸುವ ಮನೆಗಳು ಆರ್‌ಒ ಯಂತ್ರದ ಮೊರೆಹೋಗುತ್ತವೆ. ಮಂಗಳೂರು, ಉಡುಪಿ, ಭಟ್ಕಳಗಳಿಂದ ದುಡಿಯಲು ಹೋಗಿ ಅಲ್ಲಿ ಸಂಸಾರ ಹೂಡಿದ ಮನೆಗಳೂ ಇದಕ್ಕೆ ಹೊರತಲ್ಲ. ಯಾವ ಯಂತ್ರ ಕೊಳ್ಳಬೇಕೆಂಬುದು ಮೇಲ್ನೋಟಕ್ಕೆ ಅಂಗಡಿಯಲ್ಲಿ ಮುಗಿಯುವ ಪ್ರಶ್ನೆಯಾದರೂ, ಶುದ್ಧ ನೀರು ಎಂದರೇನು, ಎಷ್ಟು ಶುದ್ಧವಾದರೆ ಸಾಕು ಎಂಬ ಹಳೆಯ ಧಾರ್ಮಿಕ ಜಿಜ್ಞಾಸೆ ಅದರ ಬುಡದಲ್ಲಿದೆ.

ಆರ್‌ಒ, ಅಂದರೆ ವಿಲೋಮ ಅಭಿಸರಣ, ನೀರಿನ ಸಹಜ ನಡೆಯನ್ನು ತಿರುಗಿಸುವ ವಿಧಾನ. ಸೂಕ್ಷ್ಮವಾದ ಪೊರೆಯೊಂದರ ಎರಡು ಬದಿಗಳಲ್ಲಿ ಸಿಹಿನೀರು ಮತ್ತು ಉಪ್ಪುನೀರು ಇದ್ದರೆ ಸಿಹಿನೀರು ಉಪ್ಪಿನ ಕಡೆಗೆ ಸರಿಯುತ್ತದೆ. ಉಪ್ಪಿನ ಬದಿಯಿಂದ ಸಾಕಷ್ಟು ಒತ್ತಡ ಹಾಕಿದಾಗ ನೀರು ಹಿಂದಕ್ಕೆ ದಾಟಿ, ಲವಣಗಳು ಈಚೆಯೇ ಉಳಿಯುತ್ತವೆ. ಮನೆಯ ಯಂತ್ರದಲ್ಲಿ ಪೊರೆಗೆ ಮೊದಲು ಮಣ್ಣು, ತುಕ್ಕುಗಳನ್ನು ತಡೆಹಿಡಿಯುವ ಸೋಸುಕವೂ, ಪೊರೆಯನ್ನು ಕೆಡಿಸುವ ಕ್ಲೋರಿನ್ ಹೀರುವ ಇದ್ದಿಲಿನ ಸೋಸುಕವೂ ಇರುತ್ತವೆ. ಯಂತ್ರದ ಸಾಧನೆಯನ್ನು ಟಿಡಿಎಸ್‌ನಲ್ಲಿ, ಅಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ಘನವಸ್ತುಗಳನ್ನು ಮಿಲಿಗ್ರಾಂಗಳಲ್ಲಿ ಹೇಳುವ ಅಂಕಿಯಲ್ಲಿ, ಅಳೆಯುವುದು ವಾಡಿಕೆ. ಅಂಕಿ ಇಳಿದಷ್ಟೂ ಶುದ್ಧಿ ಏರಿತೆಂಬುದು ಮಾರಾಟಗಾರರ ತರ್ಕ.

ಇಸ್ಲಾಮಿನ ಕರ್ಮಶಾಸ್ತ್ರವಾದ ಫಿಕ್‌ಹ್ ಈ ತರ್ಕವನ್ನು ಒಪ್ಪುವುದಿಲ್ಲ. ಕರಾವಳಿಯ ಬ್ಯಾರಿಗಳೂ ನವಾಯತರೂ ಅನುಸರಿಸುವ ಶಾಫಿ ಪಂಥದಲ್ಲಿ ನೀರಿಗೆ ಮೂರು ಸ್ಥಿತಿಗಳಿವೆ: ತಾನೂ ಶುದ್ಧವಾಗಿದ್ದು ಇನ್ನೊಂದನ್ನೂ ಶುದ್ಧಗೊಳಿಸಬಲ್ಲ 'ತಹೂರ್', ತಾನು ಶುದ್ಧವಾದರೂ ಶುದ್ಧಗೊಳಿಸುವ ಶಕ್ತಿಯಿಲ್ಲದ, ಪನ್ನೀರಿನಂಥ 'ತಾಹಿರ್', ಮಲಿನವಾದ 'ನಜಸ್'. ಸೌದಿಯಲ್ಲಿ ಪ್ರಚಲಿತವಾದ ಹಂಬಲಿ ಪಂಥದಲ್ಲೂ ಈ ಮೂರು ವಿಭಾಗಗಳು ರೂಢಿಯಲ್ಲಿದ್ದವಾದರೂ, ಅದೇ ಪರಂಪರೆಯ ಇಬ್ನ್ ತೈಮಿಯಾ ನಡುವಣ ಸ್ಥಿತಿಯನ್ನು ಕೈಬಿಟ್ಟು ನೀರು ಶುದ್ಧ ಅಥವಾ ಮಲಿನ, ಎರಡೇ ಎಂದು ವಾದಿಸಿದರು. ಸಮುದ್ರದ ನೀರಿನ ಬಗ್ಗೆ ಕೇಳಿದಾಗ ಅದು ತಹೂರ್ ಎಂದು ಪ್ರವಾದಿಯವರು ಉತ್ತರಿಸಿದರೆಂದು ಹದೀಸ್ ಸಂಕಲನಗಳು, ಅಂದರೆ ಅವರ ನುಡಿನಡೆಗಳ ವರದಿಗಳು, ದಾಖಲಿಸುತ್ತವೆ. ಹೀಗಾಗಿ, ಒಂದು ಗುಟುಕೂ ಕುಡಿಯಲಾಗದ, ಲೀಟರಿಗೆ ಸುಮಾರು 40,000 ಮಿಲಿಗ್ರಾಂ ಲವಣವಿರುವ ಕೊಲ್ಲಿಯ ನೀರಿನಲ್ಲಿ ವುಝೂ, ಅಂದರೆ ನಮಾಝಿಗೆ ಮುಂಚಿನ ಅಂಗಶುದ್ಧಿ, ನಡೆಯುತ್ತದೆ. ಕುಡಿಯಲು ಯೋಗ್ಯವಾದ ಚಹಾದಲ್ಲಿ ನಡೆಯುವುದಿಲ್ಲ. ಜುಬೈಲ್‌ನ ಸ್ಥಾವರ ಸಮುದ್ರದ ನೀರನ್ನು ಪೇಯವಾಗಿಸಿತೇ ಹೊರತು ಶಾಸ್ತ್ರದ ದೃಷ್ಟಿಯಲ್ಲಿ ಅದಕ್ಕೆ ಹೊಸದಾಗಿ ಶುದ್ಧಿಯನ್ನೇನೂ ಕೊಡಲಿಲ್ಲ.

ಯಂತ್ರವು ಶುದ್ಧಿಯನ್ನು ನಿಜವಾಗಿ ಮರಳಿಸಬಲ್ಲುದೇ ಎಂಬ ಪ್ರಶ್ನೆ ಎದ್ದದ್ದು ಚರಂಡಿ ನೀರಿನ ವಿಷಯದಲ್ಲಿ. ಸೌದಿಯ ಹಿರಿಯ ಉಲಮಾಗಳ, ಅಂದರೆ ಧರ್ಮವಿದ್ವಾಂಸರ, ಮಂಡಳಿ 1978ರಲ್ಲಿ ಇದನ್ನು ಚರ್ಚಿಸಿ, ಸಂಸ್ಕರಣೆಯಿಂದ ಬಣ್ಣ, ರುಚಿ, ವಾಸನೆಗಳಲ್ಲಿ ಹೊಲಸಿನ ಕುರುಹು ಉಳಿಯದಂತೆ ಮಾಡಲಾಗಿದೆಯೆಂದು ಬಲ್ಲ ಪ್ರಾಮಾಣಿಕ ತಜ್ಞರು ಹೇಳಿದರೆ, ಆ ನೀರು ಶುದ್ಧಿಕರ್ಮಕ್ಕೆ ಸಲ್ಲುತ್ತದೆಂದು ತೀರ್ಪು ನೀಡಿತು. ಕುಡಿಯುವುದಕ್ಕೆ ಮಾತ್ರ ಅದನ್ನು ಆದಷ್ಟು ಬಳಸದಿರುವುದು ಲೇಸೆಂದ ಮಂಡಳಿ, ಅದಕ್ಕೆ ಮಾಲಿನ್ಯದ ಕಾರಣ ಕೊಡದೆ ಆರೋಗ್ಯದ ಎಚ್ಚರವನ್ನೂ ಮನುಷ್ಯರ ಸಹಜ ಹೇಸಿಗೆಯನ್ನೂ ಮುಂದಿಟ್ಟಿತು. ಶುದ್ಧಿ, ಆರೋಗ್ಯ, ಮನಸ್ಸಿನ ಒಪ್ಪಿಗೆ ಎಂಬ ಮೂರು ಎಳೆಗಳನ್ನು ಅದು ಬೇರೆಬೇರೆಯಾಗಿಯೇ ಹಿಡಿಯಿತು.

ಕನ್ನಡ ನಾಡಿನ ಮಡಿಯ ಕಲ್ಪನೆಯಲ್ಲೂ ಶುದ್ಧಿಯೆಂಬುದು ನೀರೊಳಗಿನ ವಸ್ತುಗಳ ಲೆಕ್ಕವಲ್ಲ. ಮಡಿಯುಟ್ಟವರು ಬಾವಿಯಿಂದ ಸೇದಿದ ಕೊಡದ ನೀರು ಮಡಿ. ಅದೇ ಕೊಡವನ್ನು ಮೈಲಿಗೆಯಲ್ಲಿರುವವರು ಮುಟ್ಟಿದರೆ ನೀರಿನ ಒಂದು ಕಣವೂ ಬದಲಾಗದೆ ಮಡಿ ಕೆಡುತ್ತದೆ. ಆದರೆ ಮಡಿಯ ತೀರ್ಮಾನ ಮುಟ್ಟಿದವರು ಯಾರೆಂಬುದನ್ನು ಅವಲಂಬಿಸಿದರೆ, ಹೆಚ್ಚಿನ ಪ್ರಮಾಣದ ನೀರಿನ ವಿಷಯದಲ್ಲಿ ಫಿಕ್‌ಹ್‌ನ ತೀರ್ಮಾನ ಕಣ್ಣು, ಮೂಗು, ನಾಲಗೆಗಳಿಗೆ ಗೋಚರವಾಗುವ ಬದಲಾವಣೆಯನ್ನು ಅವಲಂಬಿಸುತ್ತದೆ.

ಹಾಗಾದರೆ ಆರ್‌ಒ ಯಂತ್ರದ ಆಯ್ಕೆಯಲ್ಲಿ ಧರ್ಮಕ್ಕೆ ಹೇಳುವುದೇನೂ ಇಲ್ಲವೆ? ಇದೆ, ಆದರೆ ಅದು ಶುದ್ಧಿಯ ಅಧ್ಯಾಯದಲ್ಲಿರದೆ 'ಇಸ್ರಾಫ್', ಅಂದರೆ ದುಂದುಗಾರಿಕೆಯ, ಅಧ್ಯಾಯದಲ್ಲಿದೆ. ಸಾಮಾನ್ಯ ಗೃಹಯಂತ್ರವೊಂದು ಒಂದು ಲೀಟರ್ ಕುಡಿಯುವ ನೀರು ಕೊಡಲು ಸುಮಾರು ಮೂರು ಲೀಟರನ್ನು ಚರಂಡಿಗೆ ಬಿಡುತ್ತದೆ. ಪ್ರವಾದಿಯವರು ಒಂದು 'ಮುದ್ದ್' ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್ ಹೇಳುತ್ತದೆ. ಎರಡು ಅಂಗೈ ಸೇರಿಸಿ ತುಂಬಿದಷ್ಟೆಂದು ವಿವರಿಸಲಾಗುವ ಈ ಅಳತೆ, ಶಾಫಿ ಲೆಕ್ಕದಲ್ಲಿ ಮುಕ್ಕಾಲು ಲೀಟರನ್ನು ಮೀರದು. ಅಂದರೆ ಒಂದು ಲೀಟರ್ ಕುಡಿಯುವ ನೀರಿನ ಹಿಂದೆ ಕನಿಷ್ಠ ನಾಲ್ಕು ವುಝೂಗಳ ನೀರು ಹರಿದುಹೋಗುತ್ತದೆ. ಹರಿಯುವ ಹೊಳೆಯ ದಡದಲ್ಲಿ ಕುಳಿತಾಗಲೂ ನೀರು ಪೋಲುಮಾಡಬಾರದೆಂಬ ಹದೀಸ್, ಅದರ ವರದಿಯ ಸರಣಿಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದ್ದರೂ, ಶತಮಾನಗಳಿಂದ ಬೋಧನೆಯಲ್ಲಿ ಉಳಿದುಬಂದಿದೆ.

ಹರಿದುಹೋಗುವ ಆ ನೀರು ಎಂಥದು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ನಲ್ಲಿಯ ನೀರಿನ ಟಿಡಿಎಸ್ 200 ಇದ್ದರೆ ನಾಲ್ಕು ಲೀಟರಿನ 800 ಮಿಲಿಗ್ರಾಂ ಲವಣ ಬಹುಮಟ್ಟಿಗೆ ಮೂರು ಲೀಟರಿನಲ್ಲಿ ಉಳಿದು, ಅದರ ಟಿಡಿಎಸ್ 267ರ ಆಸುಪಾಸಿಗೆ ಬರುತ್ತದೆ. 600ಕ್ಕಿಂತ ಕಡಿಮೆ ಟಿಡಿಎಸ್‌ನ ನೀರು ಸಾಮಾನ್ಯವಾಗಿ ರುಚಿಗೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವುದರಿಂದ, ಇಲ್ಲಿ ಯಂತ್ರ ತ್ಯಾಜ್ಯವೆಂದು ಹೊರದೂಡುವುದು ಉಪ್ಪಿನ ಮಟ್ಟಿಗೆ ಕೆಡದ ನೀರನ್ನೇ; ಶಾಸ್ತ್ರದ ಮಟ್ಟಿಗೆ ಅದು ಈಗಲೂ ತಹೂರ್. ಭಾರತದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ಹೇಳಿದ್ದರ ಹಿಂದಿನ ಕಾಳಜಿಯೂ ಇದೇ. ಟ್ಯಾಂಕರಿನಲ್ಲಿ ಬರುವ ಬಾವಿಯ ನೀರು 1,500 ಮುಟ್ಟುವ ಕಡೆ ಪೊರೆ ಅಗತ್ಯ. ಸಂಸ್ಕರಿಸಿದ ಸಮುದ್ರದ ನೀರು ನೇರವಾಗಿ ಬರುವ ಕಡೆ ಟ್ಯಾಂಕನ್ನು ಆಗಾಗ ತೊಳೆದು ಇದ್ದಿಲಿನ ಸೋಸುಕವೊಂದನ್ನು ಹಾಕಿದರೆ ಹಲವು ಬಾರಿ ಸಾಕಾಗುತ್ತದೆ.

ಪೋಲಾಗದೆ ಉಳಿದ ನೀರು ಇನ್ನೊಬ್ಬರ ಬಾಯಾರಿಕೆಗೂ ಒದಗುತ್ತದೆ. ಸೌದಿಯ ಬೀದಿಗಳಲ್ಲಿ ಮಸೀದಿ ಮತ್ತು ಮನೆಗಳ ಗೋಡೆಗೆ ಹೊಂದಿಸಿಟ್ಟ ತಂಪುನೀರಿನ ಪೆಟ್ಟಿಗೆಗಳನ್ನು 'ಸಬೀಲ್' ಎನ್ನುತ್ತಾರೆ. ಕನ್ನಡಿಗರಿಗೆ ಅರವಟ್ಟಿಗೆಯೆಂದರೆ ತಕ್ಷಣ ತಿಳಿಯುತ್ತದೆ. ದಾರಿಹೋಕನ ಬಾಯಾರಿಕೆ ಯಾರ ಅಪ್ಪಣೆಗೂ ಕಾಯಬಾರದೆಂಬ ಒಂದೇ ನಂಬಿಕೆ ಎರಡರ ಹಿಂದೆಯೂ ಇದೆ. ಆ ನಂಬಿಕೆಯಿಂದ ನೋಡಿದಾಗ ಆರ್‌ಒ ಯಂತ್ರದಿಂದ ಹೊರಡುವ ಎರಡು ಕೊಳವೆಗಳಲ್ಲಿ ಲೋಟದ ಕಡೆಗೆ ಹೋಗುವುದನ್ನು ಟಿಡಿಎಸ್ ಮೀಟರು ಅಳೆದು ಮುಗಿಸುತ್ತದೆ. ಚರಂಡಿಯ ಕಡೆಗೆ ಹೋಗುವುದರ ಬಾಯಿಗೆ ಒಂದು ಬಕೆಟ್ ಇಡುವ ಕೆಲಸ ಮಾತ್ರ ಮನೆಯವರಿಗೆ ಉಳಿಯುತ್ತದೆ.