ಇಂಪಾದ ಕಥೆಯೂ ನಿಜವಾದ ಕಥೆಯೂ

ಮನುಷ್ಯರ ವಿನೋದಕ್ಕಾಗಿ ಹುಟ್ಟುವ ಕೃತಿಗಳಲ್ಲಿ ಹೆಚ್ಚಿನವು ಮಳೆಗಾಲದಲ್ಲಿ ಮೊಳೆತು ಬೇಸಿಗೆಯಲ್ಲಿ ಬಾಡಿಹೋಗುವ ಹುಲ್ಲಿನ ಹಾಗಿವೆ. ಈ ವರುಷ ಎಲ್ಲರ ಬಾಯಲ್ಲಿರುವ ಹಾಡು ಬರುವ ವರುಷ ಯಾರ ನೆನಪಿನಲ್ಲಿಯೂ ಇರುವದಿಲ್ಲ. ಹೀಗಿರಲಾಗಿ, ಒಂದು ಕೃತಿಯು ಅರುವತ್ತು ವರುಷ ಕಳೆದ ಮೇಲೆಯೂ ಬಾಡದೆ, ಅಜ್ಜಿಯರು ತಾವು ಬಾಲ್ಯದಲ್ಲಿ ನೋಡಿದ್ದನ್ನು ಮೊಮ್ಮಕ್ಕಳ ಸಂಗಡ ಕೂತು ತಿರಿಗಿ ನೋಡುವಂತೆ ಉಳಿದಿದ್ದರೆ, ಅದರ ಕಾರಣವೇನೆಂದು ವಿಚಾರಿಸುವದು ವ್ಯರ್ಥವಲ್ಲ. 1965ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ‘ದ ಸೌಂಡ್ ಆಫ್ ಮ್ಯೂಸಿಕ್’ ಎಂಬ ಸಂಗೀತ ಚಲಚ್ಚಿತ್ರವು ಅಂಥಾದ್ದಾಗಿದೆ. ಇದನ್ನು ಕುರಿತು ನಾವು ಎರಡು ಪ್ರಶ್ನೆಗಳನ್ನು ವಿಚಾರಿಸೋಣ. ಅದು ಇಷ್ಟು ಕಾಲ ಜನರ ಮನಸ್ಸನ್ನು ಹಿಡಿದಿರುವದು ಯಾತರಿಂದ? ಮತ್ತು, ಅದು ನಡೆದ ಸಂಗತಿಯನ್ನು ಬದಲಾಯಿಸಿ ಹೇಳುವದಾದ್ದರಿಂದ, ನಾವು ಅದನ್ನು ನಿರ್ಮಲ ಮನಸ್ಸಿನಿಂದ ಪ್ರೀತಿಸಬಹುದೋ?

ಕಥೆಯನ್ನು ಅರಿಯದವರಿಗೋಸ್ಕರ ಸಂಕ್ಷೇಪವಾಗಿ ಹೇಳುವೆವು. ಆಸ್ಟ್ರಿಯ ದೇಶದ ಸಾಲ್ಸ್‌ಬುರ್ಗ್ ಪಟ್ಟಣದ ಒಂದು ಕನ್ಯಾಮಠದಲ್ಲಿ ಮರಿಯಳೆಂಬ ಯುವತಿಯು ಸನ್ಯಾಸಿನಿಯಾಗಬೇಕೆಂದಿದ್ದಳು. ಮಠದ ಶಿಸ್ತಿಗೆ ಒಗ್ಗದ ಅವಳನ್ನು ಮಠದ ತಾಯಿಯು ಹೆಂಡತಿ ಸತ್ತ ಒಬ್ಬ ನೌಕಾಧಿಪತಿಯ ಮನೆಗೆ, ಅವನ ಏಳು ಮಕ್ಕಳನ್ನು ನೋಡಿಕೊಳ್ಳುವದಕ್ಕೆ ಕಳುಹಿಸುತ್ತಾಳೆ. ಆ ತಂದೆಯು ದುಃಖದಿಂದ ಗಟ್ಟಿಯಾದವನು. ಮನೆಯಲ್ಲಿ ಹಾಡನ್ನು ನಿಲ್ಲಿಸಿ, ಮಕ್ಕಳನ್ನು ಸಿಪಾಯಿಗಳಂತೆ ಸೀಟಿ ಊದಿ ನಡಿಸುವವನು. ಮರಿಯಳು ಮಕ್ಕಳಿಗೆ ಸ್ವರಗಳನ್ನು ಕಲಿಸುತ್ತಾಳೆ. ಹಾಡು ಮನೆಗೆ ತಿರಿಗಿ ಬರುತ್ತದೆ. ತಂದೆಯ ಹೃದಯ ಕರಗಿ ಅವರಿಬ್ಬರಿಗೆ ವಿವಾಹವಾಗುತ್ತದೆ. ಅಷ್ಟರಲ್ಲಿ 1938ರಲ್ಲಿ ಹಿಟ್ಲರನ ಸೈನ್ಯವು ಆಸ್ಟ್ರಿಯವನ್ನು ಸೇರಿಸಿಕೊಳ್ಳುತ್ತದೆ. ತನ್ನ ನೌಕಾದಳದಲ್ಲಿ ಸೇವೆ ಮಾಡಬೇಕೆಂದು ಬಂದ ಆಜ್ಞೆಗೆ ಒಪ್ಪದೆ, ಆ ತಂದೆಯು ಕುಟುಂಬದೊಡನೆ ಒಂದು ಸಂಗೀತೋತ್ಸವದಲ್ಲಿ ಹಾಡಿ, ಅಲ್ಲಿಂದಲೇ ತಪ್ಪಿಸಿಕೊಂಡು ಬೆಟ್ಟ ದಾಟಿ ಹೋಗುತ್ತಾನೆ.

ಇದಕ್ಕೆ ರಾಗಗಳನ್ನು ಕಟ್ಟಿದವನು ರಿಚರ್ಡ್ ರಾಜರ್ಸ್. ಪದಗಳನ್ನು ಬರೆದವನು ಆಸ್ಕರ್ ಹ್ಯಾಮರ್‌ಸ್ಟೈನ್. ಇದು ಮೊದಲು 1959ರಲ್ಲಿ ನ್ಯೂಯಾರ್ಕಿನಲ್ಲಿ ನಾಟಕವಾಗಿ ಆಡಲ್ಪಟ್ಟಿತು. ಮರುವರುಷವೇ ಹ್ಯಾಮರ್‌ಸ್ಟೈನನು ತೀರಿಹೋದನು. ಬೆಟ್ಟದ ಬಿಳೀ ಹೂವನ್ನು ಕುರಿತಾದ ಹಾಡು ಅವನು ಬರೆದ ಹಾಡುಗಳಲ್ಲಿ ಕಡೇದು. ಅನೇಕರು ಅದನ್ನು ಆಸ್ಟ್ರಿಯದ ಪುರಾತನ ಜನಪದ ಗೀತವೆಂದು ಇಂದಿಗೂ ನಂಬುತ್ತಾರೆ; ಆದರೆ ಅದು ಅಮೇರಿಕದಲ್ಲಿ ಆ ನಾಟಕಕ್ಕಾಗಿಯೇ ಬರೆಯಲ್ಪಟ್ಟದ್ದು. ಚಲಚ್ಚಿತ್ರವನ್ನು ನಿರ್ದೇಶಿಸಿದವನು ರಾಬರ್ಟ್ ವೈಸ್. ಮರಿಯಳಾಗಿ ನಟಿಸಿ ಹಾಡಿದವಳು ಜೂಲಿ ಆಂಡ್ರೂಸ್. ಅದಕ್ಕೆ ಐದು ಆಸ್ಕರ್ ಪ್ರಶಸ್ತಿಗಳು ದೊರೆತವು.

ಚಿತ್ರವು ಹೊರಟ ಕಾಲದಲ್ಲಿಯೇ ಕೆಲವು ವಿಮರ್ಶಕರು, ಇದು ಬರೀ ಸಕ್ಕರೆ, ಇದರಲ್ಲಿ ಸತ್ವವಿಲ್ಲ ಎಂದು ಹಾಸ್ಯಮಾಡಿದರು. ಆ ಮಾತು ನಿಜವಾಗಿದ್ದರೆ ಚಿತ್ರವು ಬೇಗನೆ ಮರೆತುಹೋಗಬೇಕಾಗಿತ್ತು; ಯಾಕಂದರೆ ಬರೀ ಸಿಹಿಯನ್ನು ಉಂಡವರಿಗೆ ಬೇಗನೆ ಓಕರಿಕೆ ಬರುವದು. ನಮ್ಮ ಅಭಿಪ್ರಾಯದಲ್ಲಿ ಅದರ ಬಲವು ಬೇರೊಂದು ಕಡೆಯಲ್ಲಿದೆ. ಮೊದಲನೆಯ ಭಾಗದಲ್ಲಿ ಆಟಕ್ಕಾಗಿ ಕಲಿತ ಹಾಡುಗಳೇ ಎರಡನೆಯ ಭಾಗದಲ್ಲಿ ಆಪತ್ಕಾಲದ ಆಯುಧಗಳಾಗುತ್ತವೆ. ಮನೆಯ ಬೈಠಕಿನಲ್ಲಿ ತಂದೆಯು ಮೆಲ್ಲಗೆ ಹಾಡಿದ ಹೂವಿನ ಹಾಡನ್ನು, ಕಡೆಯಲ್ಲಿ ಅವನು ಶತ್ರುಗಳ ಕಾವಲಿರುವ ಸಭೆಯ ಮುಂದೆ ಹಾಡುತ್ತಾನೆ. ಅವನ ಕಂಠ ಬಿಗಿದು ನಿಂತಾಗ ಹೆಂಡತಿಯೂ ಮಕ್ಕಳೂ, ಅನಂತರ ಸಭೆಯೆಲ್ಲವೂ ಸೇರಿ ಅದನ್ನು ಪೂರೈಸುತ್ತಾರೆ. ಪದಗಳು ಅವೇ, ರಾಗವು ಅದೇ. ಆದರೆ ಮೊದಲು ಸಂತೋಷವಾಗಿದ್ದದ್ದು ಈಗ ಧೈರ್ಯವಾಗಿದೆ.

ಮ್ಯೂನಿಕ್ ನಗರದಲ್ಲಿ ನಡೆದ ಒಂದು ಸಂಗತಿಯು ಇದನ್ನು ಚೆನ್ನಾಗಿ ತೋರಿಸುವದು. ಅಲ್ಲಿ ಚಿತ್ರವನ್ನು ಹಂಚುವವರು, ನಾಜಿಗಳ ಮಾತು ಜರ್ಮನಿಯ ಪ್ರೇಕ್ಷಕರಿಗೆ ಹಿಡಿಸದೆಂದು ಎಣಿಸಿ, ವಿವಾಹವಾದ ಕೂಡಲೇ ಕಥೆಯು ಮುಗಿಯುವ ಹಾಗೆ ಉಳಿದ ಭಾಗವನ್ನೆಲ್ಲಾ ಕತ್ತರಿಸಿಬಿಟ್ಟರು. ಇದು ಚಿತ್ರದ ಒಡೆತನವುಳ್ಳವರಿಗೆ ತಿಳಿದಾಗ ಆ ಭಾಗವು ತಿರಿಗಿ ಸೇರಿಸಲ್ಪಟ್ಟಿತು. ಕತ್ತರಿಸಲ್ಪಟ್ಟ ಚಿತ್ರದಲ್ಲಿ ಏನು ಉಳಿದಿತ್ತು? ಹಾಡು, ಹಸುರು, ಮದುವೆ, ಇವೆಲ್ಲಾ ಉಳಿದಿದ್ದವು. ಆದರೆ ಆ ಸಂತೋಷವು ಯಾತಕ್ಕೆಂಬದು ಹೋಗಿತ್ತು. ಸಂತೋಷವು ಕರ್ತವ್ಯಕ್ಕೆ ವೈರಿಯೆಂದೂ, ಕೆಟ್ಟ ಕಾಲದಲ್ಲಿ ಹಾಡುವವನು ಬುದ್ಧಿಯಿಲ್ಲದವನೆಂದೂ ಕೆಲವರು ತಿಳಿಯುತ್ತಾರೆ. ಪ್ರಿಯ ವಾಚಕರೇ, ಸಂಗತಿಯು ಹಾಗಲ್ಲ. ಯಾವದನ್ನೂ ಪ್ರೀತಿಸದವನಿಗೆ ಕಾಪಾಡುವದಕ್ಕೂ ಯಾವದೂ ಇರುವದಿಲ್ಲ. ಅವನು ಬಲವಂತರು ಹೇಳಿದ ಕಡೆಗೆ ಬೇಗನೆ ಬೊಗ್ಗುವನು. ಮನೆಯಲ್ಲಿ ಕೂಡಿ ಹಾಡಿದವರಿಗೆ ಮಾತ್ರ ಕಳಕೊಳ್ಳುವದಕ್ಕೆ ಏನಾದರೂ ಉಂಟು, ಆದದರಿಂದ ‘ಆಗದು’ ಎಂದು ಹೇಳುವದಕ್ಕೆ ಕಾರಣವೂ ಉಂಟು. ಮಕ್ಕಳು ಇದನ್ನು ವಿವರಿಸಲಾರರು, ಆದರೆ ಗ್ರಹಿಸುತ್ತಾರೆ. ಚಿತ್ರವು ಬಾಡದಿರುವದಕ್ಕೆ ಇದೇ ಮುಖ್ಯ ಕಾರಣವೆಂದು ನಾವು ಎಣಿಸುತ್ತೇವೆ.

ಇನ್ನು ಎರಡನೆಯ ಪ್ರಶ್ನೆಯು ಹೆಚ್ಚು ಕಠಿಣವಾದದ್ದು. ಗೇಯೋರ್ಗ್ ಫಾನ್ ಟ್ರಾಪ್ ಎಂಬವನು ನಿಜವಾಗಿ ಬದುಕಿದ್ದ ಮನುಷ್ಯನು. ಅವನು ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ಹಡಗನ್ನು ನಡಿಸಿ ಹೆಸರು ಪಡೆದವನು. 1922ರಲ್ಲಿ ಅವನ ಮೊದಲನೆಯ ಹೆಂಡತಿಯು ಕೆಂಪು ಜ್ವರದಿಂದ ಸತ್ತಳು. ಮರಿಯಳು 1926ರಲ್ಲಿ ಅವನ ಮನೆಗೆ ಬಂದದ್ದು ಏಳು ಮಕ್ಕಳ ಪಾಲನೆಗಾಗಿ ಅಲ್ಲ, ರೋಗದಿಂದ ಬಲಗುಂದಿದ್ದ ಒಬ್ಬ ಮಗಳಿಗೆ ಪಾಠ ಹೇಳುವದಕ್ಕಾಗಿಯೇ. ವಿವಾಹವು ನಡೆದದ್ದು 1927ರಲ್ಲಿ, ಅಂದರೆ ಹಿಟ್ಲರನು ಬರುವದಕ್ಕೆ ಹನ್ನೊಂದು ವರುಷ ಮುಂಚೆ. ಅವರು ಬೆಟ್ಟವನ್ನು ದಾಟಲಿಲ್ಲ. ಸಾಲ್ಸ್‌ಬುರ್ಗಿನ ಆ ಬೆಟ್ಟವನ್ನು ದಾಟಿದರೆ ಸೇರುವದು ಜರ್ಮನಿಯನ್ನೇ. ಅವರು ಹಗಲಿನಲ್ಲಿ ರೈಲು ಹತ್ತಿ ಇಟಲಿಗೆ ಹೋಗಿ, ಅಲ್ಲಿಂದ ಅಮೇರಿಕಕ್ಕೆ ಹೋದರು. ಬ್ಯಾಂಕು ಮುರಿದು ಆಸ್ತಿ ಹೋದ ಮೇಲೆ ಹೊಟ್ಟೆಪಾಡಿಗಾಗಿ ಸಭೆಗಳಲ್ಲಿ ಹಾಡತೊಡಗಿದ ಕುಟುಂಬವದು.

ಇಂಥಾ ಬದಲಾವಣೆಗಳು ಯಾರನ್ನೂ ನೋಯಿಸುವದಿಲ್ಲ. ರೈಲಿಗೆ ಬದಲಾಗಿ ಬೆಟ್ಟವನ್ನು ಇಟ್ಟದ್ದು ಕಥೆಗಾರನ ಸ್ವಾತಂತ್ರ್ಯ. ಆದರೆ ಒಂದು ಬದಲಾವಣೆಯು ಹಾಗಲ್ಲ. ನಿಜವಾದ ತಂದೆಯು ಕಠಿಣನಾಗಿರಲಿಲ್ಲ; ಮೃದುಸ್ವಭಾವದವನು, ಸಂಗೀತಪ್ರಿಯನು, ತಾನೇ ಮಕ್ಕಳ ಸಂಗಡ ವಾದ್ಯ ನುಡಿಸುತ್ತಿದ್ದವನು. ಮರಿಯಳು ಬರುವದಕ್ಕೆ ಮೊದಲೇ ಆ ಮನೆಯಲ್ಲಿ ಹಾಡಿತ್ತು. ಸೀಟಿಯು ಮಾತ್ರ ನಿಜ. ದೊಡ್ಡ ತೋಟದಲ್ಲಿ ಆಡುತ್ತಿದ್ದ ಮಕ್ಕಳಿಗೆ ಕೂಗು ಕೇಳಿಸದೆಂದು ಅವನು ಅದನ್ನು ಊದುತ್ತಿದ್ದನು. ನೋಡಿರಿ, ನಿಜವಾದ ಒಂದು ವಸ್ತುವನ್ನು ತಪ್ಪಾದ ಸ್ಥಳದಲ್ಲಿ ಇಟ್ಟರೆ ಅದೂ ಸುಳ್ಳು ಹೇಳುವದು. ಕಥೆಯಲ್ಲಿ ಒಬ್ಬಳು ಬಂದು ಮನೆಯನ್ನು ಬೆಳಗಿಸಬೇಕಾದರೆ ಮೊದಲು ಕತ್ತಲೆ ಬೇಕು. ಆ ಕತ್ತಲೆಯನ್ನು ತಂದೆಯ ಮುಖಕ್ಕೆ ಬಳಿದರು. ಅವನು 1947ರಲ್ಲಿಯೇ ಸತ್ತಿದ್ದದರಿಂದ ಉತ್ತರ ಕೊಡಲಾರದವನಾಗಿದ್ದನು. ಅವನ ಮಕ್ಕಳಿಗೆ ಇದರಿಂದ ನೋವಾಯಿತು. ಹಿರೀ ಮಗಳಾದ ಅಗಾಥೆಯು ಮುಪ್ಪಿನಲ್ಲಿ ತನ್ನ ನೆನಪುಗಳನ್ನು ಪುಸ್ತಕವಾಗಿ ಬರೆದಳು.

ಕೋಟಿಗಟ್ಟಲೆ ಜನರ ಸಂತೋಷಕ್ಕಾಗಿ ಸತ್ತ ಒಬ್ಬನ ಹೆಸರು ಸ್ವಲ್ಪ ಮಾಸಿದರೆ ಏನು ನಷ್ಟ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳುವವರು ಅದನ್ನು ತಮ್ಮ ಮನೆಗೆ ಹಚ್ಚಿ ನೋಡಲಿ. ಜಗಲಿಯ ಮೇಲೆ ಕೂತವರು ನಮ್ಮ ತೀರಿಹೋದ ತಂದೆಯ ಮಾತೆತ್ತಿ, ಕಥೆಗೆ ರುಚಿ ಬರಲೆಂದು ಅವನನ್ನು ಕ್ರೂರನನ್ನಾಗಿ ಮಾಡಿ ನಗಿಸಿದರೆ, ಒಳಗೆ ಕೂತು ಕೇಳುವ ನಮಗೆ ಹೇಗಾದೀತು? ನಗುವವರು ನೂರು ಮಂದಿಯಾದರೂ ನೋವು ಕಡಿಮೆಯಾಗುವದಿಲ್ಲ. ಸಂತೋಷವನ್ನು ಲೆಕ್ಕಮಾಡಿ ಅನ್ಯಾಯವನ್ನು ವಜಾ ಮಾಡುವದು ವ್ಯಾಪಾರದ ಲೆಕ್ಕವೇ ಹೊರತು ನೀತಿಯ ಲೆಕ್ಕವಲ್ಲ.

ಹಾಗಾದರೆ ಚಿತ್ರವನ್ನು ತಳ್ಳಿಬಿಡಬೇಕೋ? ಹಾಗೆಂದು ನಾವು ಹೇಳುವದಿಲ್ಲ. ಒಳ್ಳೇ ಬಾವಿಯ ದಂಡೆ ಒಂದು ಕಡೆ ಕುಸಿದಿದ್ದರೆ ಬಾವಿಯನ್ನು ಮುಚ್ಚುವದಿಲ್ಲ. ಕುಸಿದ ಕಡೆಯನ್ನು ಕಟ್ಟುತ್ತೇವೆ. ಈ ಕಥೆಯಿಂದ ಸಂತೋಷ ಪಡೆದವರು ಆ ತಂದೆಗೆ ಸಾಲಗಾರರಾಗಿದ್ದಾರೆ, ಮತ್ತು ಆ ಸಾಲವನ್ನು ತೀರಿಸುವದು ಸುಲಭ. ಚಿತ್ರವನ್ನು ಮಕ್ಕಳಿಗೆ ತೋರಿಸುವವರು ಮುಗಿದ ಮೇಲೆ, “ನಿಜವಾದ ತಂದೆಯು ಇದಕ್ಕಿಂತ ಒಳ್ಳೆಯವನಾಗಿದ್ದನು, ಮನೆಯ ಹಾಡು ಮೊದಲು ಅವನದೇ” ಎಂದು ಒಂದು ಮಾತು ಹೇಳಿದರೆ ಸಾಕು. ಇದರಿಂದ ಕಥೆಯ ಇಂಪು ಕಡಿಮೆಯಾಗುವದಿಲ್ಲ. ಮರಿಯಳು ಬರೆದ ಪ್ರಕಾರ, ಆ ಮೃದುವಾದ ಮನುಷ್ಯನೇ ನಾಜಿಗಳು ಕೊಡಲಿದ್ದ ಪದವಿಯನ್ನು ಬೇಡವೆಂದನು. ಹಿಟ್ಲರನ ಹುಟ್ಟುಹಬ್ಬದಲ್ಲಿ ಹಾಡುವದಕ್ಕೆ ಬಂದ ಕರೆಯನ್ನೂ ಕುಟುಂಬವು ಒಪ್ಪಲಿಲ್ಲ. ಕಠಿಣನು ಎದುರು ನಿಂತರೆ ಆಶ್ಚರ್ಯವಿಲ್ಲ. ಮೃದುವಾದವನು ನಿಂತದ್ದೇ ಆಶ್ಚರ್ಯ.

ಇಂಪಾಗಿ ಹೇಳಬಲ್ಲವರು ಹೇಳಲಿ, ಕೇಳುವವರು ಸಂತೋಷದಿಂದ ಕೇಳಲಿ. ಆದರೆ ಯಾರ ಬಾಳಿನಿಂದ ಕಥೆಯನ್ನು ತಕ್ಕೊಂಡೆವೋ ಅವರ ಮಕ್ಕಳು ಬಾಗಿಲ ಹಿಂದೆ ಕೂತು ಕೇಳುತ್ತಾರೆಂಬದನ್ನು ನಾವು ಮರೆಯದಿರೋಣ.